ಕಾರಣ: ಒಂದೂವರೆ ಇಂಚು

ಅರ್ಜಿಯ ಒಂಬತ್ತನೇ ಕಾಲಂ ಕೇಳುತ್ತದೆ:
ಮತ್ತೆ ಓದಲು ಬಯಸುವ ಕಾರಣ.
ಕೊಟ್ಟ ಜಾಗ ಒಂದೂವರೆ ಇಂಚು,
ಸ್ಟಾಂಪು ಅಂಟಿಸಿದರೆ ಮುಗಿಯಿತು.

ಪೈವಳಿಕೆಯಿಂದ ಒಳಗೆ, ಗುಡ್ಡೆಯ ಬೋಳು ನೆತ್ತಿಯ ಮೇಲೆ
ನಮ್ಮ ಶಾಲೆ. ಭಾನುವಾರ, ಹತ್ತು ಗಂಟೆ.
ಬೆಂಚು ಮೂರನೇ ಕ್ಲಾಸಿನ ಮಕ್ಕಳದ್ದು,
ಮೊಣಕಾಲು ಎಲ್ಲಿಡುವುದೆಂದು ಯಾರಿಗೂ ತಿಳಿಯದು.

ಪಾವ್ಲು ಕ್ರಾಸ್ತ ಬರೆದ: ಭಡ್ತಿ.
ಸಹಕಾರಿ ಬ್ಯಾಂಕಿನಲ್ಲಿ ಚಹಾ ತರುವವನು;
ಹತ್ತು ಪಾಸಾದರೆ
ಬೇರೆಯವರು ತಂದ ಚಹಾ ಕುಡಿಯಬಹುದಂತೆ.

ಮರಿಯಮ್ಮ ಬರೆಯಲಿಲ್ಲ, ಹೇಳಿದಳು.
"ಜಾಗದ ಆಧಾರ ಮಲಯಾಳದಲ್ಲುಂಟು. ಓದಿ ಹೇಳಿದ್ದು ಮೈದುನ.
ಅವನು ಓದುವಾಗ ಬಾವಿ ನಮ್ಮದಿತ್ತು,
ಅಳೆಯುವಾಗ ಅವನದ್ದಾಯಿತು."
ಇಲ್ಲಿ ಕಲಿಸುವುದು ಕನ್ನಡವಲ್ಲವಾ, ಎಂದೆ.
"ಮೊದಲು ಅಕ್ಷರದ ಹೆದರಿಕೆ ಹೋಗಲಿ ಮಾರಾಯ್ತಿ,
ಭಾಷೆ ಆಮೇಲೆ ನೋಡುವ."
ಸಾಜಿದಾ ಟೀಚರ್ ಅದನ್ನೆಲ್ಲ ಮಡಚಿ
'ಜ್ಞಾನಾರ್ಜನೆ' ಎಂದು ಬರೆದಳು.

ಐತಪ್ಪಣ್ಣ ಹಿಂದೆ ವಾರ್ಡು ಮೆಂಬರು.
ಐದು ವರ್ಷ ಸಹಿ ಹಾಕಿದ ಕಾಗದಗಳಲ್ಲಿ
ಏನೇನು ಬರೆದಿತ್ತೋ, ಈಗ ಓದಬೇಕಂತೆ.
ಯಾಕೆ ಅಂದರೆ: ನಿದ್ದೆಗೆ.

ಇನ್ನು ನಾನು.
ಈ ಶಾಲೆ ನನಗೆ ಅಕ್ಕಿಯ ಲೆಕ್ಕದಲ್ಲಿ ಬಾಯಿಪಾಠ:
ನೂರ ನಲ್ವತ್ತಮೂರು ಮಕ್ಕಳು,
ಅಲಸಂಡೆ ಇದ್ದ ದಿನ ಎರಡು ಸೇರು ಕಮ್ಮಿ.

ಕಳೆದ ಜುಲೈ, ಗ್ಯಾಸು ಮುಗಿದು, ಸೌದೆ ಒದ್ದೆ.
ಹೆಡ್ಮಾಸ್ತರು ಗೆದ್ದಲು ತಿಂದ ಹಳೇ ರಿಜಿಸ್ಟರಿನ ಕಟ್ಟು ಕೊಟ್ಟರು,
ಒಲೆಗಾದೀತು ಪೂವಕ್ಕ.
ಒಂದು ಸುಟ್ಟೆ. ಎರಡು. ಅನ್ನ ಕುದಿಗೆ ಬಂತು.
ಮೂರನೆಯದರಲ್ಲಿ
ಐದು ಬಿ. ಸಂಖ್ಯೆ ಇಪ್ಪತ್ತೇಳು. ಪೂವಮ್ಮ ಕೆ.
ಜೂನು ಪೂರ್ತಿ ಗೀಟು, ಗೀಟು, ಗೀಟು.
ಆಗಸ್ಟಿನಲ್ಲಿ ಗೈ, ಗೈ, ಗೈ.
ಮತ್ತೆ ಹೆಸರಿನ ಮೇಲೇ ಕೆಂಪು ಗೆರೆ,
ಸ್ಕೇಲಿಟ್ಟು ಎಳೆದದ್ದು,
ಒಂದಿಷ್ಟೂ ಡೊಂಕಿಲ್ಲ.

ಯಾರೂ ಶಾಲೆ ಬಿಡಿಸಲಿಲ್ಲ ನನ್ನನ್ನು.
ಮೂರು ದಿನ ಜ್ವರ.
ನಾಲ್ಕನೇ ದಿನ ನಾಚಿಕೆ.
ಆಮೇಲೆ ಬೀಡಿಯ ಎಲೆ.

ಆ ಹಾಳೆಯನ್ನು ಎದೆಗೊತ್ತಿಕೊಂಡೆ ಅಂದರೆ
ಕತೆ ಚಂದವಾಗುತ್ತಿತ್ತು.
ಸುಟ್ಟೆ.
ಸಾಂಬಾರು ಬಾಕಿಯಿತ್ತು, ಗಂಟೆ ಹನ್ನೆರಡೂವರೆ.

ಆದರೆ ಲೆಕ್ಕ ನೋಡಿ:
ಹನ್ನೊಂದು ವರ್ಷ ಬಂದಿದ್ದೇನೆ ಇಲ್ಲಿಗೆ,
ಟೀಚರುಗಳಿಗಿಂತ ಮೊದಲು,
ಮಳೆಗೆ ರಜೆ ಕೊಟ್ಟದ್ದು ಗೊತ್ತಾಗದ ದಿನವೂ ಬಂದು
ಬೀಗ ತೆಗೆದು, ಒಬ್ಬಳೇ ಕೂತು, ಬೀಗ ಹಾಕಿ ಹೋಗಿದ್ದೇನೆ.
ಒಂದು ಗೀಟು ಬೀಳಲಿಲ್ಲ.

ಇದನ್ನು ಒಂದೂವರೆ ಇಂಚಿನಲ್ಲಿ ಬರೆಯುವುದು ಹೇಗೆ?
ಅಕ್ಷರ ನನ್ನವು ಸೌಟಿನಷ್ಟು ದೊಡ್ಡವು.
ಮನೆಯಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ,
ಕನ್ನಡ ಎಂದರೆ ಈ ಗೋಡೆಯ ಒಳಗೆ ಕೇಳಿದ್ದು.
ನನಗೆ ನಲ್ವತ್ತೇಳಾಯಿತು,
ನನ್ನ ಕನ್ನಡಕ್ಕಿನ್ನೂ ಹತ್ತೇ ವರ್ಷ.
ಜ್ವರ ಬಿಟ್ಟ ಮೈ ಅದರದ್ದು,
ಬಾಗಿಲ ಹತ್ತಿರ ನಿಂತಿದೆ, ಒಳಗೆ ಬರಲೋ ಬೇಡವೋ ಎಂದು.

ಸಾಜಿದಾ ಟೀಚರ್ ಹೊಸ ಪುಸ್ತಕ ಬಿಚ್ಚಿ ಕರೆದಳು:
ನಂಬರು ನಾಲ್ಕು, ಪೂವಮ್ಮ?
ನನ್ನ ಮಗಳಿಗಿಂತ ಸಣ್ಣವಳು.
ಹಾಜರ್ ಅನ್ನಬೇಕಿತ್ತು.
"ಬಂದೇ..." ಅಂದುಬಿಟ್ಟೆ,
ಅಡಿಗೆಕೋಣೆಯಿಂದ ಹೇಳುವ ಹಾಗೆ, ರಾಗವೆಳೆದು.
ಪಾವ್ಲು ಬೆಂಚು ಕುಟ್ಟಿ ನಕ್ಕ.
ಅವಳು ನಗಲಿಲ್ಲ. ಗೀಟು ಹಾಕಿದಳು.

ಒಂಬತ್ತನೇ ಕಾಲಂ ಇನ್ನೂ ಖಾಲಿಯುಂಟು.
ಸರಿದು ಕೂತೆ,
ಸೊಂಟದಲ್ಲಿದ್ದ ಅಡಿಗೆಕೋಣೆಯ ಬೀಗದಕೈ
ಬೆಂಚಿಗೆ ತಾಗಿ ಸದ್ದಾಯಿತು.